ಅವಳ ತೋಳಿನಲ್ಲಿ ನನ್ನ ಕೈ

ಕೇಕು ವಾಪಸು ಬಂದಾಗ ನಾನು ಹಿಂಬಾಗಿಲ ಹತ್ತಿರ ಟ್ರೇ ಉಜ್ಜುತ್ತಿದ್ದೆ. ತಂದವನು ಹುಟ್ಟುಹಬ್ಬದ ಮಗುವಿನ ಅಪ್ಪ. ಒಳಗಿರುವುದು ಎಚ್ಚರವಾಗಿಬಿಟ್ಟೀತು ಎನ್ನುವ ಹಾಗೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಬಂದು ಕೌಂಟರಿನ ಮೇಲಿಟ್ಟ.

"ಇದಕ್ಕೆ ಚಾಕು ಹಾಕಲ್ಲ ಅಂತ ನನ್ನ ಹೆಂಡ್ತಿ ಕೂತ್ಬಿಟ್ಟಳು," ಎಂದ. "ಬಂದ ನೆಂಟರೂ ಅಷ್ಟೆ, ಒಬ್ಬರೂ ಮುಟ್ಟಲಿಲ್ಲ. ಸಾದಾ ಕೇಕ್ ಯಾವುದಾದ್ರೂ ಇದ್ರೆ ಕೊಡಿ."

ನನ್ನ ಗಂಡ ಮುಚ್ಚಳ ತೆಗೆದರು. ಕ್ರೀಮಿನ ಹೊದಿಕೆಯ ಕೆಳಗೆ ಸಕ್ಕರೆಯ ಕೂಸೊಂದು ಮಲಗಿತ್ತು. ಬಾಯಿ ತುಸು ತೆರೆದಿತ್ತು. ರೆಪ್ಪೆಯ ಮೇಲೆ ಒಂದು ನೀಲಿ ನರ, ಕೆಳತುಟಿಯಲ್ಲಿ ಜೊಲ್ಲಿನ ಹೊಳಪು. ಇವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಹೊದಿಕೆಯ ಕ್ರೀಮನ್ನು ಬೆರಳಿನಿಂದ ಕೂಸಿನ ಗಲ್ಲದವರೆಗೆ ಎಳೆದು ಮುಚ್ಚಳ ಹಾಕಿಬಿಟ್ಟರು.

ನಮ್ಮದು ಬೇಕರಿಯ ಮನೆ. ಮುಂದೆ ಅಂಗಡಿ, ನಡುವೆ ಓವನ್ನು, ಹಿಂದೆ ನಾವು: ಇವರು, ನಾನು, ನನ್ನ ಅತ್ತೆ, ಮಗಳು ಗುಬ್ಬಿ. ನೆಲದ ಮೇಲಿನ ಬ್ರೆಡ್ಡಿನ ಚೂರನ್ನು ಹೆಕ್ಕಿ ತಿನ್ನುತ್ತಿದ್ದ ಕಾಲದ ಹೆಸರು ಅದು. ಓದು ಮುಗಿಸಿ ಅಪ್ಪನ ಜೊತೆ ಕೆಲಸಕ್ಕೆ ನಿಂತ ಮೇಲೂ ಉಳಿದುಕೊಂಡಿತು. ಕೇಕುಗಳ ಮೇಲಿನ ಸಕ್ಕರೆಯ ಹೂವು, ಹಣ್ಣು, ಗೊಂಬೆಗಳೆಲ್ಲ ಅವಳ ಪಾಲು.

"ಗುಲಾಬಿ ಮಾಡು ಅಂದ್ರೆ ಬಾಡಿದ ಎಸಳು ಮಾಡ್ತಾಳೆ," ಎಂದರು ಇವರು ಊಟಕ್ಕೆ ಕೂತಾಗ. "ಸೇಬು ಮಾಡು ಅಂದ್ರೆ ಹುಳ ಕೊರೆದ ತೂತು. ಈಗ ಇದು!"

"ಜೀವ ಇರ್ಬೇಕಲ್ಲಪ್ಪ," ಎಂದಳು ಗುಬ್ಬಿ.

"ತಿನ್ನೋ ವಸ್ತುಗೆ ಜೀವ ಯಾಕಮ್ಮ? ಜನ ಹಸಿದು ಬರ್ತಾರೆ. ಅಳಿಸಿ ಕಳಿಸ್ತೀಯಾ?"

ಅತ್ತೆ ನಡುವೆ ಬಾಯಿ ಹಾಕಿದರು. "ನನಗೇನು ಭಯ? ತನ್ನಿ, ನಾನು ತಿಂತೀನಿ."

"ಯಾವ ಭಾಗ ಕೊಡ್ಲಿ ಅಜ್ಜಿ?"

ಅತ್ತೆ ಚಮಚ ಕೆಳಗಿಟ್ಟರು. "ಬೇಡ ಬಿಡು. ಹೊಟ್ಟೆ ತುಂಬಿದೆ."

ಆ ವಾರವೇ ಹಿಂಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಸೆಕೆಯಿದ್ದರೂ ಶಾಲು ಹೊದ್ದು, ಕೈಗಳನ್ನು ಅದರೊಳಗೆ ಸೇರಿಸಿಕೊಂಡಿದ್ದಳು.

"ಸಕ್ಕರೇಲಿ ಮಗು ಮಾಡಿದ್ದು ಯಾರು?" ಎಂದು ಕೇಳಿದಳು.

"ನನ್ನ ಮಗಳು. ಏನೋ ಗೊತ್ತಾಗದೆ ಮಾಡಿದಾಳೆ, ಮನಸ್ಸಿಗೆ ಹಾಕ್ಕೋಬೇಡಿ," ಎಂದೆ.

"ಬೈಯೋಕೆ ಬಂದಿಲ್ಲಮ್ಮ. ನನಗೊಂದು ಕೈ ಮಾಡಿಕೊಡ್ತಾಳಾ ಅಂತ ಕೇಳೋಕೆ ಬಂದೆ."

ಮೂಲೆಯ ದೊಡ್ಡ ಲಾಂಡ್ರಿಯಲ್ಲಿ ಅವಳು ಹಾಸುಬಟ್ಟೆಗಳನ್ನು ಇಸ್ತ್ರಿಯ ಯಂತ್ರಕ್ಕೆ ಕೊಡುತ್ತಿದ್ದವಳು. ಕೆಲವು ವರ್ಷಗಳ ಹಿಂದೆ ಬಿಸಿ ರೋಲರು ಬಟ್ಟೆಯ ಜೊತೆಗೆ ಬಲಗೈಯನ್ನೂ ಒಳಗೆಳೆದುಕೊಂಡಿತು. ಬಿಡಿಸಲು ಹೋದ ಎಡಗೈ ಬೆಂದು ಮುದುಡಿತು. ಆಸ್ಪತ್ರೆಯವರು ಕೊಟ್ಟ ಕೈಯೊಂದು ಮನೆಯಲ್ಲಿ ಬಿದ್ದಿದೆ, ಬಟ್ಟೆ ಅಂಗಡಿಯ ಗೊಂಬೆಯ ಕೈಯ ಹಾಗಿದೆ ಎಂದಳು.

"ಕೆಲಸ ಮಾಡೋ ಕೈ ಬೇಡಮ್ಮ. ಎಡಗೈಲಿ ಹೇಗೋ ಮಾಡ್ಕೋತೀನಿ. ಜನ ನನ್ನ ಮುಖ ನೋಡಿ ಮಾತಾಡೋ ಹಾಗಾದ್ರೆ ಸಾಕು."

ಗುಬ್ಬಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನನ್ನ ಹಿಂದೆ ಬಂದು ನಿಂತಿದ್ದಳು. ಜಾತ್ರೆಯಂಥ ಜನಸಂದಣಿಯಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದ ಹಾಗಿತ್ತು ಅವಳ ಮುಖ.

ಮರುದಿನವೇ ಅವಳು ಆಸ್ಪತ್ರೆಯ ಹಿಂದಿರುವ ವರ್ಕ್‌ಶಾಪಿಗೆ ಹೋದಳು. ಅಲ್ಲಿ ಕೃತಕ ಕೈಕಾಲು ಮಾಡುತ್ತಾರೆ. ಚರ್ಮದಂಥ ರಬ್ಬರು ಎಲ್ಲಿ ಸಿಗುತ್ತದೆ ಎಂದು ಕೇಳಲು ಹೋದವಳು, ತಾನು ಮಾಡಿದ ಒಂದು ಸಕ್ಕರೆಯ ಕಿವಿಯನ್ನು ಅಲ್ಲಿನ ಮುಖ್ಯಸ್ಥರ ಮೇಜಿನ ಮೇಲಿಟ್ಟಳಂತೆ. ಅವರು ಅದನ್ನು ಬಹಳ ಹೊತ್ತು ನೋಡಿ, ರಬ್ಬರೂ ಬಣ್ಣವೂ ಕೊಟ್ಟು ಕಳಿಸಿದರು.

"ಚೆಂದ ಮಾಡೋರು ನನಗೆ ಬೇಕಾದಷ್ಟು ಸಿಗ್ತಾರೆ," ಎಂದಿದ್ದರಂತೆ. "ಮಾಡಿದ ಕೈಗಳಲ್ಲಿ ಅರ್ಧಕ್ಕರ್ಧ ಕಪಾಟು ಸೇರ್ತವೆ. ನೀನು ಮಾಡಿದ್ದನ್ನ ಆಕೆ ಒಂದು ತಿಂಗಳು ಬಿಡದೆ ಹಾಕ್ಕೊಂಡ್ರೆ ಬಾ, ಕೆಲಸ ಕಲಿಸಿ ಇಲ್ಲೇ ಇಟ್ಕೋತೀನಿ."

ಇವರು ಈ ಮಾತು ಕೇಳಿ ಹಿಟ್ಟು ನಾದುವುದನ್ನು ನಿಲ್ಲಿಸಲೇ ಇಲ್ಲ. "ಅಂಗಡಿ?"

"ಅಪ್ಪ, ಅಲ್ಲಿ ಬಾಗಿಲ ಹೊರಗೆ ಎಷ್ಟು ಜನ ಕೂತಿದ್ರು ಗೊತ್ತಾ? ಎಲ್ಲರೂ ಶಾಲು ಹೊದ್ದಿದ್ರು. ಎಲ್ಲರೂ."

"ಅದಕ್ಕೆ ನೀನೇ ಆಗಬೇಕಾ?"

"ನಾನು ಮಾಡಿದ್ದು ನೋಡಿ ಜನ ಹೆದರ್ತಾರೆ ಅಂತೀಯಲ್ಲ. ಅಲ್ಲಿ ಅದೇ ಬೇಕಂತೆ."

"ಒಂದು ತಿಂಗಳು ನೋಡೋಣ ಬಿಡಿ," ಎಂದೆ ನಾನು. ಇವರು ನನ್ನ ಕಡೆ ನೋಡದೆ ಹಿಟ್ಟಿನ ಮುದ್ದೆಯನ್ನು ಮಗುಚಿ ಹಾಕಿದರು.

"ಸರಿ. ಆದ್ರೆ ಆ ಹೆಂಗಸು ತಿಂಗಳೊಳಗೆ ಅದನ್ನ ಬಿಚ್ಚಿಟ್ರೆ, ನೀನು ಮತ್ತೆ ಆ ಕಡೆ ತಲೆ ಹಾಕಬಾರ್ದು. ಗುಲಾಬಿ ಅಂದ್ರೆ ಗುಲಾಬಿ ಮಾಡ್ಬೇಕು. ಒಪ್ಗೆನಾ?"

"ಒಪ್ಗೆ," ಎಂದಳು ಗುಬ್ಬಿ.

ಸಾಮಾನ್ಯವಾಗಿ ಉಳಿದ ಕೈಯನ್ನು ನೋಡಿಕೊಂಡು ಹೋದ ಕೈಯನ್ನು ಮಾಡುತ್ತಾರಂತೆ. ಲಾಂಡ್ರಿಯವಳ ಎಡಗೈ ಮುದುಡಿದ್ದರಿಂದ ಆ ದಾರಿ ಇರಲಿಲ್ಲ. ಗುಬ್ಬಿ ಮನೆಯೆಲ್ಲ ಸುತ್ತಿ ನಮ್ಮ ಕೈಗಳನ್ನು ಅಳೆದಳು. ಅತ್ತೆ ಎರಡೂ ಕೈ ಮುಂದೆ ಚಾಚಿ, "ನನ್ನದು ತಗೊಳ್ಳೇ. ನನ್ನ ಕಾಲದಲ್ಲಿ ಎಂಥಾ ಕೈ ಇತ್ತು ಗೊತ್ತಾ," ಎಂದರು.

"ಆ ಕಾಲ ಆಗ್ಹೋಯ್ತಲ್ಲ ಅಜ್ಜಿ."

"ನಾಲಿಗೆ ನೋಡು! ಥೇಟ್ ನಿಮ್ಮಪ್ಪ."

ಅಳತೆಗೆ ಸರಿಹೋದದ್ದು ನನ್ನದು. ಕೇಕಿನ ಹಿಟ್ಟು ಕಲೆಸುವ ಬಕೆಟ್ಟಿನಲ್ಲಿ ಅದೇನೋ ಗುಲಾಬಿ ಬಣ್ಣದ ಅಂಟು ಕಲೆಸಿ, ನನ್ನ ಬಲಗೈಯನ್ನು ಮಣಿಕಟ್ಟಿನ ಮೇಲಿನವರೆಗೆ ಮುಳುಗಿಸಿದಳು. "ಅಲ್ಲಾಡ್ಬೇಡಮ್ಮ." ಮೊದಲು ತಣ್ಣಗಿತ್ತು. ಆಮೇಲೆ ಏನೂ ಅನ್ನಿಸಲಿಲ್ಲ. ಬೆರಳು ಎಲ್ಲಿ ಮುಗಿಯಿತು, ಅಂಟು ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯದಾಯಿತು. ಕೈ ಹೊರಗೆಳೆದಾಗ ಯಾರೋ ಬಿಡದೆ ಹೀರಿದ ಹಾಗೆ ಸದ್ದಾಯಿತು. ಬಕೆಟ್ಟಿನೊಳಗೆ ಇಣುಕಿದೆ. ನನ್ನ ಕೈ ಇಲ್ಲದ ಜಾಗ ನನ್ನ ಕೈಯ ಆಕಾರದಲ್ಲಿತ್ತು.

ಹೆಬ್ಬೆರಳಿನ ಬುಡದಲ್ಲಿ ನನಗೊಂದು ಹಳೆಯ ಸುಟ್ಟ ಗುರುತಿದೆ. "ಇದನ್ನ ಬಿಟ್ಬಿಡು ಗುಬ್ಬಿ," ಎಂದೆ. ಅವಳು ಆಗಲೇ ಆ ಅಚ್ಚಿನಲ್ಲಿ ಎರೆದು ತೆಗೆದ ರಬ್ಬರಿಗೆ ಸಣ್ಣ ಕುಂಚದಿಂದ ಬಣ್ಣ ಹಚ್ಚುತ್ತಿದ್ದಳು.

"ಬಿಟ್ರೆ ಸುಳ್ಳು ಕೈ ಆಗುತ್ತಮ್ಮ. ಗುರುತಿಲ್ಲದ ಕೈ ಯಾರಿಗಿರುತ್ತೆ?"

ಕೈ ಒಣಗುವವರೆಗೆ ಅಡುಗೆಮನೆಯ ಮೇಜಿನ ಮೇಲಿತ್ತು. ಅತ್ತೆಗೆ ಕಣ್ಣು ಮಂಜು. ಒಂದು ಮಧ್ಯಾಹ್ನ ನಾನು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಅತ್ತೆ ಮಾತಾಡುವುದು ಕೇಳಿಸಿತು. "ಎಷ್ಟೊತ್ತು ಅಂತ ಹೀಗೆ ಕೂತಿರ್ತೀಯ? ಬೆಳಗಿಂದ ದುಡೀತಾನೇ ಇದ್ದೀಯ, ಸ್ವಲ್ಪ ಮಲಕ್ಕೋ ಹೋಗು." ನನ್ನೊಡನೆ ಅತ್ತೆ ಅಷ್ಟು ಮೆತ್ತಗೆ ಮಾತಾಡಿದ್ದು ನನಗೆ ನೆನಪಿಲ್ಲ. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಇಳಿಬಿದ್ದ ಕಿಟಕಿಯ ಪರದೆಯ ಮರೆಯಿಂದ ಚಾಚಿದ್ದ ಆ ಕೈಯ ಮೇಲೆ ತಮ್ಮ ಕೈಯಿಟ್ಟುಕೊಂಡು ಕೂತಿದ್ದರು. ನಾನು ಮೆಲ್ಲಗೆ ಮತ್ತೆ ಹಿತ್ತಿಲಿಗೆ ಬಂದುಬಿಟ್ಟೆ.

ಲಾಂಡ್ರಿಯವಳು ಕೈ ಹಾಕಿಕೊಂಡ ದಿನ ಶಾಲನ್ನು ನಮ್ಮ ಮನೆಯಲ್ಲೇ ಮರೆತು ಹೋದಳು. ಗುಬ್ಬಿ ಆ ಶಾಲನ್ನು ಮಡಿಸಿ ತಲೆದಿಂಬಿನ ಕೆಳಗಿಟ್ಟುಕೊಂಡಳು. ಒಂದು ವಾರ ಕಳೆಯಿತು, ಎರಡನೆಯದೂ ಕಳೆಯಿತು. ಲಾಂಡ್ರಿಯವಳು ಪೇಟೆಗೆ ಹೋದಳಂತೆ, ಮಗಳನ್ನು ಶಾಲೆಗೆ ಬಿಟ್ಟಳಂತೆ, ಬಸ್ಸಿನಲ್ಲಿ ಯಾರೂ ಎದ್ದು ಸೀಟು ಬಿಡಲಿಲ್ಲವಂತೆ. ಸೀಟು ಸಿಗದ ಸಂತೋಷವನ್ನು ನಾನು ಮೊದಲ ಸಲ ಕೇಳಿದ್ದು.

ಮೂರನೆಯ ವಾರದ ಒಂದು ಬೆಳಿಗ್ಗೆ ಇವರು ಅಂಗಡಿಯನ್ನು ಹಾಗೇ ಬಿಟ್ಟು, ಏಪ್ರನ್ನಿನಲ್ಲೇ ಒಳಗೆ ಓಡಿಬಂದರು. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ.

"ಕೈ ತೋರ್ಸು."

"ಯಾಕೆ, ಏನಾಯ್ತು?"

"ತೋರ್ಸು ಅಂದೆ!"

ನನ್ನ ಎರಡೂ ಕೈಗಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ಅವರ ತುಟಿ ಬೆಳ್ಳಗಾಗಿತ್ತು. ನೀರು ಕೊಟ್ಟೆ. ಆಮೇಲೆ ಹೇಳಿದರು.

ಕೌಂಟರಿನಲ್ಲಿ ಜನ ತುಂಬಿದ್ದರು. ಇವರು ತಲೆ ತಗ್ಗಿಸಿ ಬಿಸಿ ಬನ್ನುಗಳನ್ನು ಜೋಡಿಸುತ್ತಿದ್ದಾಗ ಟ್ರೇಯ ಅಂಚಿಗೆ ನನ್ನ ಕೈ ಬಂತು. ಆ ಹೆಬ್ಬೆರಳು, ಆ ಸುಟ್ಟ ಗುರುತು. ಬಿಸಿ ಟ್ರೇ ಮುಟ್ಟಿದಾಗಲೆಲ್ಲ ನನಗೆ ಮಾಡುವ ಹಾಗೆ, ತಲೆಯೆತ್ತದೆ, "ಸುಡುತ್ತೆ, ತೆಗಿಯೇ," ಎಂದು ಅದರ ಮೇಲೆ ಒಂದು ಏಟು ಕೊಟ್ಟರು. ಕೈ ಅಲುಗಲಿಲ್ಲ. ಹಿಡಿದು ನೋಡಿದರು. ಬೆಚ್ಚಗಿರಲಿಲ್ಲ. ನಾಡಿ ಇರಲಿಲ್ಲ.

"ನೀನು ಸತ್ತೋಗಿದೀಯ ಅಂದ್ಕೊಂಡೆ," ಎಂದರು. "ನಿಂತ್ಕೊಂಡೇ ಸತ್ತೋಗಿದೀಯ ಅಂದ್ಕೊಂಡೆ. ಕೂಗಿಬಿಟ್ಟೆ. ಯಾರು ಏನು ಅಂತ ಮುಖ ಕೂಡ ನೋಡಲಿಲ್ಲ."

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಇವರು ಅವಳ ಕಡೆ ತಿರುಗಿದರು. "ನಿಮ್ಮಮ್ಮನ ಕೈಯನ್ನ ಊರಲ್ಲಿ ಓಡಾಡೋಕೆ ಬಿಟ್ಟಿದೀಯಲ್ಲೇ! ನಾಳೆ ಇವಳು ಹೋದ ಮೇಲೂ ಅದು ಅಂಗಡಿಗೆ ಬರ್ತಾ ಇರುತ್ತಾ?"

 

ಅದೇ ವಾರ ಲಾಂಡ್ರಿಯವಳು ಹಿಂಬಾಗಿಲಿಗೆ ಬಂದಳು. ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದಳು. ಮೇಜಿನ ಮೇಲಿಟ್ಟು, "ಕ್ಷಮಿಸಮ್ಮ ಗುಬ್ಬಿ," ಎಂದಳು.

"ಚೆನ್ನಾಗಿಲ್ವಾ ಅಕ್ಕ? ಬಣ್ಣ ಹೋಯ್ತಾ?"

"ತುಂಬಾ ಚೆನ್ನಾಗಿದೆ. ಅದಕ್ಕೇ ಭಯ." ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. "ಬೇಕರಿಯವರು ಕೂಗಿದ್ದಕ್ಕಲ್ಲ. ಅದಕ್ಕಿಂತ ಮುಂಚೇನೇ ಶುರುವಾಗಿತ್ತು. ಈ ಗಾಯ ಹೇಗಾಯ್ತಮ್ಮ ಅಂತ ನನ್ನ ಮಗಳು ಕೇಳಿದಳು. ಏನೋ ಒಂದು ಹೇಳ್ಬೇಕಲ್ಲ, ಬಾಯಿಗೆ ಬಂದ ಕಥೆ ಹೇಳ್ದೆ. ಈಗ ಅದು ನನಗೇ ನಡೆದ ಹಾಗೆ ನೆನಪಾಗ್ತಿದೆ. ಅಲ್ಲಿ ಉರಿಯುತ್ತೆ ಕೂಡ."

"ಏನು ಕಥೆ?" ಎಂದೆ.

"ಓವನ್ನಿಂದ ಟ್ರೇ ಎಳೀತಿದ್ನಂತೆ. ಒಳಗಿಂದ ಅಮ್ಮಾ ಅಂತ ಕರೆದ ಹಾಗಾಯ್ತಂತೆ. ತಿರುಗಿದಾಗ ಅಂಚು ತಗುಲ್ತಂತೆ. ಓಡಿಹೋಗಿ ನೋಡಿದ್ರೆ ಮಗು ನಿದ್ದೆ ಮಾಡ್ತಿತ್ತಂತೆ." ಅವಳು ನಗಲು ನೋಡಿದಳು. "ನಮ್ಮ ಮನೇಲಿ ಓವನ್ನೇ ಇಲ್ಲಮ್ಮ."

ನಾನು ಒಲೆಯ ಉರಿ ಸಣ್ಣ ಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ. ನನಗೆ ಗಾಯವಾದದ್ದು ಹಾಗೆಯೇ. ಗುಬ್ಬಿ ಆಗ ತೊಟ್ಟಿಲಿನ ಕೂಸು, ಮಾತು ಬಂದಿರಲಿಲ್ಲ. ಯಾರು ಕರೆದರು ಎಂದು ಯಾರಾದರೂ ಕೇಳಿಯಾರೆಂದು, ಕೈ ಜಾರಿತು ಎಂದಷ್ಟೇ ಎಲ್ಲರಿಗೂ ಹೇಳಿದ್ದೆ.

ಟೀ ಸೋಸಿದೆ. ಲೋಟ ಕೊಡುತ್ತಾ ಕೇಳಿದೆ: "ನಿಮ್ಮ ಕೈ ಹೇಗಿತ್ತು?"

ಗುಬ್ಬಿ ತಲೆಯೆತ್ತಿದಳು. ಅವಳು ಅದನ್ನು ಕೇಳಿಯೇ ಇರಲಿಲ್ಲ.

"ಯಾರಿಗೆ ನೆನಪಿದೆ ಹೇಳಿ," ಎಂದಳು ಲಾಂಡ್ರಿಯವಳು. "ಮುಖ ಆದ್ರೆ ಕನ್ನಡೀಲಿ ನೋಡ್ಕೋತೀವಿ. ಕೈ ಇದ್ದೇ ಇರುತ್ತಲ್ಲ ಅಂತ ಇದ್ಬಿಡ್ತೀವಿ. ಇರೋ ಫೋಟೋದಲ್ಲಿ ಕೈ ನಮ್ಮ ಯಜಮಾನ್ರ ಬೆನ್ನ ಹಿಂದಿದೆ. ಅವರನ್ನ ಕೇಳಿದ್ರೆ, ಚೆನ್ನಾಗಿತ್ತು ಕಣೇ ಅಂತಾರೆ. ಅಷ್ಟೆ. ಗಂಡಸರು!"

ಗುಬ್ಬಿ ತಲೆದಿಂಬಿನ ಕೆಳಗಿದ್ದ ಶಾಲನ್ನು ತಂದುಕೊಟ್ಟಳು. ಅದನ್ನು ಹೊದ್ದುಕೊಂಡು ಅವಳು ಹೊರಟಳು.

ಗುಬ್ಬಿ ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ಗುಲಾಬಿ ಅಂದರೆ ಗುಲಾಬಿ ಮಾಡಿದಳು. ಎಲ್ಲವೂ ಒಂದೇ ಅಳತೆ, ಒಂದೇ ಕೆಂಪು. ಗಿರಾಕಿಗಳು ಹೊಗಳಿದರು. ಬೇಗ ಬೇಗ ಖರ್ಚಾದವು. ಅವಳು ಗೋಡೆ ನೋಡುತ್ತಾ ಮಾಡುತ್ತಿದ್ದಳು, ಬೆರಳುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಕೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತಿದ್ದಳು. ಊಟಕ್ಕೆ ಕರೆದರೆ ಬಂದು ಉಣ್ಣುತ್ತಿದ್ದಳು. ಒಂದು ದಿನ ಇವರು ಬೇಕೆಂದೇ ಇಲ್ಲದ ತಪ್ಪು ಹುಡುಕಿ ಬೈದರು. ಅದಕ್ಕೂ "ಹೂಂ" ಅಂದಳು.

"ಜಗಳನಾದ್ರೂ ಆಡೇ," ಎಂದರು ಅತ್ತೆ. "ಮನೇಲಿ ಮೂರೇ ಜನ ಇದ್ದ ಹಾಗಿದೆ."

ಟವೆಲ್ಲಿನಲ್ಲಿ ಸುತ್ತಿದ್ದ ಕೈಯನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಎಸೆದುಬಿಡು ಎಂದರು ಇವರು. "ಎಲ್ಲಿಗೆ ಎಸೀತೀಯ?" ಎಂದರು ಅತ್ತೆ. "ಕಸದವನು ಪೊಲೀಸರನ್ನ ಕರ್ಕೊಂಡು ಬರ್ತಾನೆ." ಅದು ಅಲ್ಮಾರಿಯ ಮೇಲೆ ಉಳಿಯಿತು. ಆ ಕೋಣೆಗೆ ಹೋದಾಗಲೆಲ್ಲ ನನ್ನ ಹೆಬ್ಬೆರಳಿನ ಬುಡ ಚುರುಗುಟ್ಟುತ್ತಿತ್ತು.

ಸುಮಾರು ಹತ್ತು ದಿನವಾದ ಮೇಲೆ, ಸಂಜೆ ಅಂಗಡಿ ಮುಚ್ಚಿ ಎಲ್ಲರೂ ಮೇಜಿಗೆ ಕೂತಿದ್ದೆವು. ಇವರು ಬ್ರೆಡ್ಡು ಮುರಿದು, ತಿನ್ನದೆ ಹಾಗೇ ಹಿಡಿದುಕೊಂಡಿದ್ದರು.

"ಯಾವ ಲಾಂಡ್ರಿ?" ಎಂದರು.

"ಏನು?" ಎಂದೆ.

"ಆ ಹೆಂಗಸು. ಮೂಲೆ ಲಾಂಡ್ರಿನಾ? ಬೆಳಗ್ಗೆ ಮೊದಲ ಪಾಳಿಗೆ ಹೋಗೋಳಾ?"

"ಹೌದಂತೆ. ನಿಮಗೆ ಗೊತ್ತಾ?"

"ಮುಖ ಗೊತ್ತಿಲ್ಲ." ಬ್ರೆಡ್ಡನ್ನು ತಟ್ಟೆಗಿಟ್ಟರು. "ಕೈ ಗೊತ್ತು."

ಗುಬ್ಬಿಯ ಚಮಚ ನಿಂತಿತು.

"ಕೌಂಟರಿನ ಮೇಲೆ ಬರೋದು ಕೈ ತಾನೆ? ನಾನು ತಲೆ ಎತ್ತಿದ್ರೆ ಬನ್ನು ಕರಕಾಗುತ್ತೆ. ಲಾಂಡ್ರಿ ಹೆಂಗಸರ ಕೈಯೆಲ್ಲ ಹಬೆಗೆ ಬೆಳ್ಳಗೆ ನೆನೆದ ಹಾಗಿರ್ತಿದ್ವು. ಅದ್ರಲ್ಲಿ ಒಂದು ಕೈ ಇತ್ತು. ಕಿರುಬೆರಳು ಹೊರಗಡೆ ಬಾಗಿತ್ತು, ಜೊತೆಗಿರೋರ ಮೇಲೆ ಮುನಿಸ್ಕೊಂಡ ಹಾಗೆ. ಅದು ಬರೋದು ನಿಂತುಹೋಯ್ತು. ಊರು ಬಿಟ್ರೇನೋ ಅಂದ್ಕೊಂಡೆ."

"ಇಷ್ಟು ವರ್ಷ ಹೆಂಗಸರ ಕೈ ನೋಡ್ಕೊಂಡು ಕೂತಿದ್ದೆ ಅನ್ನು," ಎಂದರು ಅತ್ತೆ.

"ಸುಮ್ನಿರಮ್ಮ!"

ಗುಬ್ಬಿ ಎದ್ದು ಹೋಗಿ ಮೇಣದ ಉಂಡೆ ತಂದು ಅಪ್ಪನ ಮುಂದಿಟ್ಟಳು. ಇವರು ಅದನ್ನು ಮುಟ್ಟಿ ಬದಿಗೆ ಸರಿಸಿದರು. ನಾಳೆಗೆಂದು ನಾದಿಟ್ಟಿದ್ದ ಹಿಟ್ಟಿನಿಂದ ಒಂದು ಮುದ್ದೆ ಕಿತ್ತು, ಬೆರಳುಗಳನ್ನು ಹೊಸೆಯತೊಡಗಿದರು. "ಅಂಗೈ ಇಷ್ಟು ಅಗಲ ಇರ್ಲಿಲ್ಲ... ಉಗುರು ಗಿಡ್ಡ, ಬುಡದಲ್ಲಿ ಚಪ್ಪಟೆ... ಇಲ್ಲಿ ಗೆಣ್ಣು ದಪ್ಪ, ಉಂಗುರ ಹೊರಗೆ ಬರ್ತಿರ್ಲಿಲ್ಲ ಅದಕ್ಕೆ." ಕಣ್ಣು ಮುಚ್ಚಿ ಮಾಡುತ್ತಿದ್ದರು. ನಮ್ಮ ತಟ್ಟೆಗಳ ನಡುವೆ ಯಾರದೋ ಒಂದು ಕೈ ಅಂಗಾತ ಮಲಗಿತು. ನಾವು ಯಾರೂ ಉಣ್ಣಲಿಲ್ಲ.

ಆಗ ಅದು ಅಲುಗಿತು.

ಅತ್ತೆ ನನ್ನ ತೋಳು ಹಿಡಿದರು. ಬೆರಳುಗಳು ಒಂದೊಂದಾಗಿ ದಪ್ಪವಾಗುತ್ತಾ ಬಿಚ್ಚಿಕೊಳ್ಳುತ್ತಿದ್ದವು, ಬಹಳ ಹೊತ್ತು ಮಲಗಿದ್ದವರು ಎದ್ದು ಕೈ ಚಾಚುವ ಹಾಗೆ. ಕಿರುಬೆರಳು ಮೇಜಿನ ಮೇಲೆ ಹೊರಳಿತು.

"ಅಪ್ಪ, ಯೀಸ್ಟ್ ಹಾಕಿದ ಹಿಟ್ಟು!" ಎಂದು ಕೂಗಿದಳು ಗುಬ್ಬಿ. "ಉಬ್ತಾ ಇದೆ! ಬೇರೆ ಹಿಟ್ಟು ಕಲಸು, ಬೇಗ!"

ಅಷ್ಟು ದಿನಗಳಲ್ಲಿ ಅವಳು ಆಡಿದ ಮೊದಲ ಪೂರಾ ಮಾತು ಅದು. ಇವರು ಆತುರಾತುರವಾಗಿ ಬರಿಯ ಹಿಟ್ಟು, ನೀರು ಕಲಸಿ ಮತ್ತೆ ಮಾಡಿದರು. ಅಪ್ಪ ಮಗಳು ಎದುರುಬದುರು ಕೂತು, ಒಬ್ಬರು ಹೇಳುತ್ತಾ, ಒಬ್ಬರು ಮೇಣ ಕೆತ್ತುತ್ತಾ, ಗೆಣ್ಣಿನ ಒಂದು ಗೆರೆಗಾಗಿ ಒಬ್ಬರ ಮೇಲೊಬ್ಬರು ಕೂಗಾಡಿದರು. ನಾನು ಊಟವನ್ನು ಮತ್ತೆ ಬಿಸಿ ಮಾಡಿದೆ.

ಮರುದಿನ ಗುಬ್ಬಿ ಮೇಣದ ಕೈಯನ್ನು ಲಾಂಡ್ರಿಯವಳ ಮನೆಗೆ ಒಯ್ದಳು. ಬಣ್ಣ ಹಚ್ಚುವ ಮೊದಲು ಪ್ರತಿಯೊಂದನ್ನೂ ಕೇಳಿದಳಂತೆ: ಇದು ಹೀಗಿತ್ತಾ, ಇದು ಬೇಕಾ, ಇದು ಬೇಡವಾ. ಯಾವ ಗುರುತು ಹಾಕಲಿ ಎಂದದ್ದಕ್ಕೆ, "ಏನೂ ಬೇಡ. ಆಗೋದು ಇನ್ಮೇಲೆ ಆಗ್ಲಿ," ಎಂದಳಂತೆ.

ವರ್ಕ್‌ಶಾಪಿನ ಮುಖ್ಯಸ್ಥರು ತಿಂಗಳ ಲೆಕ್ಕವನ್ನು ಹೊಸದಾಗಿ ಶುರುಮಾಡಲು ಒಪ್ಪಿದರು. ಇವರು ಒಪ್ಪಿದೆ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ತಿಂಗಳು ತುಂಬುವ ಬೆಳಿಗ್ಗೆ ಗುಬ್ಬಿ ತಲೆ ಬಾಚಿಕೊಂಡು ತಯಾರಾಗಿ, ಅಂಗಡಿಯ ಒಳಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದಳು. ಮೊದಲ ಪಾಳಿಯ ಜನ ಕೌಂಟರಿಗೆ ಮುತ್ತಿದ್ದರು. ಇವರು ತಲೆ ತಗ್ಗಿಸಿ ಬನ್ನು ಜೋಡಿಸುತ್ತಿದ್ದರು.

ಟ್ರೇಯ ಅಂಚಿಗೆ ಒಂದು ಕೈ ಬಂತು. ಬೆಳ್ಳಗೆ, ಗಿಡ್ಡ ಉಗುರಿನದು, ಕಿರುಬೆರಳು ಹೊರಗೆ ಬಾಗಿದ್ದು. ಅದು ನಿಂತುಹೋದ ದಿನದ ವಯಸ್ಸಿನದು. ನಡುವಿನ ವರ್ಷಗಳು ಅದರ ಮೇಲೆ ಕೂತಿರಲಿಲ್ಲ.

ಇವರು ತಲೆಯೆತ್ತಲಿಲ್ಲ. "ಎರಡು ಉಪ್ಪು ಬನ್ನು ತಾನೆ?" ಎನ್ನುತ್ತಾ ಕಾಗದ ಎಳೆದರು.

 ಗುಬ್ಬಿ ನನ್ನ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

"ಮೂರು ಕೊಡಿ," ಎಂದಳು ಲಾಂಡ್ರಿಯವಳು. "ಈಗ ಮಗಳೂ ಸೇರಿ ನಾವು ಮೂರು ಜನ."

ಇವರು ಎರಡನ್ನು ಸುತ್ತಿದವರು ಮತ್ತೆ ಕಾಗದ ಬಿಚ್ಚಿ, ಮೂರನೆಯದನ್ನು ಇಟ್ಟರು. ಆಮೇಲೆ ಹಿಂದೆ ತಿರುಗದೆಯೇ ಗುಬ್ಬಿಗೆ ಕೂಗಿ ಹೇಳಿದರು: "ಇನ್ನೂ ಇಲ್ಲೇ ನಿಂತಿದೀಯೇನೇ? ಅಲ್ಲಿ ಬಾಗಿಲ ಹೊರಗೆ ಜನ ಕಾಯ್ತಿರ್ತಾರೆ ಅಂದೆಯಲ್ಲ, ಹೋಗು."